ಹೊಗೆಯ ಲೆಕ್ಕಕ್ಕೂ ಪರಿಶೋಧಕರು ಬೇಕು

ವ್ಯಾಪಾರವೆಂದ ಮೇಲೆ ಲೆಕ್ಕವಿರಬೇಕು, ಲೆಕ್ಕವೆಂದ ಮೇಲೆ ಅದನ್ನು ಪರಿಶೋಧಿಸುವವರು ಇರಬೇಕು ಎಂಬುದು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಕೆಲವು ವರ್ಷಗಳಿಂದ ಹಣದ ಲೆಕ್ಕದ ಪಕ್ಕದಲ್ಲಿ ಮತ್ತೊಂದು ಲೆಕ್ಕ ಬಂದು ಕುಳಿತಿದೆ. ಕಾರ್ಖಾನೆಯು ವರ್ಷವೊಂದರಲ್ಲಿ ಎಷ್ಟು ಹಸಿರುಮನೆ ಅನಿಲವನ್ನು ವಾತಾವರಣಕ್ಕೆ ಸೇರಿಸುತ್ತದೆ ಎಂಬುದೇ ಆ ಲೆಕ್ಕ. ಪೀಣ್ಯದ ಬಿಡಿಭಾಗ ತಯಾರಕರಿಗೂ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಪೂರೈಕೆದಾರರಿಗೂ ದೊಡ್ಡ ಖರೀದಿದಾರರಿಂದ ಇಂತಹ ಲೆಕ್ಕ ಕೇಳುವ ನಮೂನೆಗಳು ಬರತೊಡಗಿವೆ. ನಮೂನೆ ತುಂಬಿಕೊಡುವವರು ಹೇಗೋ ದೊರೆಯುತ್ತಾರೆ. ತುಂಬಿದ್ದು ಸರಿಯೇ ಎಂದು ಪರಿಶೀಲಿಸಬಲ್ಲವರು ಮಾತ್ರ ವಿರಳ. ಇಂತಹ ಪರಿಶೀಲಕರನ್ನು ತರಬೇತುಗೊಳಿಸುವ ಕೆಲಸವನ್ನು ನಮ್ಮ ವಾಣಿಜ್ಯ ಮಂಡಳಿಯೇ ಕೈಗೆತ್ತಿಕೊಳ್ಳಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಇದಕ್ಕೆ ಮಾದರಿಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ದೇಶಗಳ ಹೊರಸೂಸುವಿಕೆಯ ಲೆಕ್ಕವನ್ನು ಪರಿಶೀಲಿಸುವ ತಜ್ಞರ ತರಬೇತಿಯಲ್ಲಿ ಆ ಮಾದರಿ ಆಗಲೇ ಸಿದ್ಧವಾಗಿದೆ.

ದೇಶದ ಲೆಕ್ಕಪಟ್ಟಿ

ಇನ್ವೆಂಟರಿ ಎಂದರೆ ನಮಗೆ ಗೋದಾಮಿನ ದಾಸ್ತಾನು ನೆನಪಾಗುತ್ತದೆ. ಹವಾಮಾನದ ವಿಷಯದಲ್ಲಿ ಇನ್ವೆಂಟರಿ ಎಂದರೆ ದೇಶವೊಂದು ವರ್ಷದಲ್ಲಿ ಹೊರಸೂಸಿದ ಮತ್ತು ಅದರ ಅರಣ್ಯಗಳು ಹೀರಿಕೊಂಡ ಅನಿಲಗಳ ಲೆಕ್ಕಪಟ್ಟಿ. 1992ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯನ್ವಯ ಭಾರತವು 1994ನೇ ವರ್ಷದ ಲೆಕ್ಕವನ್ನು ಒಳಗೊಂಡ ಮೊದಲ ರಾಷ್ಟ್ರೀಯ ವರದಿಯನ್ನು 2004ರಲ್ಲಿ ಸಲ್ಲಿಸಿತು. ಎರಡನೆಯದು 2012ರಲ್ಲಿಯೂ ಮೂರನೆಯದು 2023ರಲ್ಲಿಯೂ ಸಲ್ಲಿಕೆಯಾದವು. ಇವುಗಳ ನಡುವೆ 2016ರಿಂದ ದ್ವೈವಾರ್ಷಿಕ ವರದಿಗಳೂ ಆರಂಭವಾದವು. ನಾಲ್ಕನೆಯ ದ್ವೈವಾರ್ಷಿಕ ವರದಿ 2024ರ ಡಿಸೆಂಬರ್ ಕೊನೆಯಲ್ಲಿ ಸಲ್ಲಿಕೆಯಾಯಿತು. ಅದರ ಪ್ರಕಾರ 2020ರಲ್ಲಿ ದೇಶದ ಒಟ್ಟು ಹೊರಸೂಸುವಿಕೆ ಇಂಗಾಲದ ಡೈಆಕ್ಸೈಡ್ ಸಮಾನದಲ್ಲಿ 295.9 ಕೋಟಿ ಟನ್. ಅರಣ್ಯ ಮತ್ತು ಭೂಬಳಕೆಯ ವಲಯ ಹೀರಿಕೊಂಡ ಸುಮಾರು 52.2 ಕೋಟಿ ಟನ್ ಕಳೆದರೆ ನಿವ್ವಳ 243.7 ಕೋಟಿ ಟನ್. ಒಟ್ಟು ಮೊತ್ತದಲ್ಲಿ ಇಂಧನ ವಲಯದ ಪಾಲು ಶೇ. 75.66.

ಈ ಲೆಕ್ಕಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟಿದೆ. ಅರಣ್ಯ ಮತ್ತು ಭೂಬಳಕೆಯ ಭಾಗದ ಲೆಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಶ್ರಮಿಸಿದ್ದಾರೆ. ಸರ್ಕಾರದ ಲೆಕ್ಕದಿಂದ ಪ್ರತ್ಯೇಕವಾಗಿ ಅಂದಾಜು ಸಿದ್ಧಪಡಿಸುವ ಸ್ವಯಂಸೇವಾ ಸಂಸ್ಥೆಗಳ ವೇದಿಕೆಯಲ್ಲಿ ಇಂಧನ ವಲಯದ ಕೆಲಸ ಮಾಡಿದ ಸಿಸ್ಟೆಪ್ ಸಂಸ್ಥೆಯೂ ಈ ನಗರದ್ದೇ. ವಿದ್ಯೆ ನಮ್ಮ ಊರಿನಲ್ಲಿದೆ, ಪೀಣ್ಯದ ಷೆಡ್ಡುಗಳಿಗೆ ಇನ್ನೂ ಇಳಿದಿಲ್ಲ.

ಪರಿಶೀಲಕರು ಸಿದ್ಧರಾಗುವ ಬಗೆ

ದೇಶವು ಕೊಟ್ಟ ಲೆಕ್ಕವನ್ನು ಹಾಗೆಯೇ ಒಪ್ಪಿಕೊಳ್ಳುವ ಪದ್ಧತಿ ಇಲ್ಲ. ಮುಂದುವರಿದ ದೇಶಗಳ ವಾರ್ಷಿಕ ಲೆಕ್ಕಪಟ್ಟಿಯನ್ನು ತಜ್ಞರ ತಂಡಗಳು ಪರಿಶೀಲಿಸುವ ಕ್ರಮ ಕ್ಯೋಟೊ ಒಪ್ಪಂದದ ಕಾಲದಿಂದಲೂ ಬೆಳೆದು ಬಂದಿದೆ. 2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿ ಪಾರದರ್ಶಕತೆಯ ಒಂದೇ ಚೌಕಟ್ಟನ್ನು ಎಲ್ಲ ದೇಶಗಳಿಗೂ ವಿಧಿಸಿತು. ಅದರ ನಿಯಮಾವಳಿ 2018ರಲ್ಲಿ ಪೋಲೆಂಡಿನ ಕಟೊವಿಟ್ಸೆಯಲ್ಲಿ ರೂಪುಗೊಂಡಿತು. ಪರಿಶೀಲಕರ ತರಬೇತಿಯ ಕಾರ್ಯಕ್ರಮವನ್ನು 2021ರಲ್ಲಿ ಗ್ಲಾಸ್ಗೋ ಸಮ್ಮೇಳನ ಅಂಗೀಕರಿಸಿತು.

ಈ ತರಬೇತಿಯ ಕ್ರಮ ಲೆಕ್ಕಪರಿಶೋಧಕನ ಕಣ್ಣಿಗೆ ತೀರ ಪರಿಚಿತವಾದುದು. ಮೊದಲು ತಜ್ಞರನ್ನು ಅವರ ಸರ್ಕಾರ ನಾಮನಿರ್ದೇಶನ ಮಾಡಬೇಕು. ಅವರು ಸಾಮಾನ್ಯ ಪಾಠಗಳ ಜೊತೆಗೆ ಇಂಧನ, ಕೈಗಾರಿಕಾ ಪ್ರಕ್ರಿಯೆ, ಕೃಷಿ, ಭೂಬಳಕೆ, ತ್ಯಾಜ್ಯ ಎಂಬ ವಲಯಗಳಲ್ಲಿ ತಮ್ಮ ವಲಯದ ಪಾಠಗಳನ್ನು ಮುಗಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಅನಂತರವೇ ತಂಡದಲ್ಲಿ ಸ್ಥಾನ. ತಮ್ಮ ದೇಶದ ಲೆಕ್ಕವನ್ನು ತಾವೇ ಪರಿಶೀಲಿಸುವಂತಿಲ್ಲ. ತಂಡಕ್ಕೆ ಇಬ್ಬರು ಮುಖ್ಯಸ್ಥರು: ಒಬ್ಬರು ಮುಂದುವರಿದ ದೇಶದವರು, ಇನ್ನೊಬ್ಬರು ಅಭಿವೃದ್ಧಿಶೀಲ ದೇಶದವರು. ವರದಿ ಅಂತಿಮವಾಗುವ ಮುನ್ನ ಸಂಬಂಧಪಟ್ಟ ದೇಶಕ್ಕೆ ಉತ್ತರ ಹೇಳಲು ಅವಕಾಶವುಂಟು. ಪರಿಶೀಲನೆಯ ಉದ್ದೇಶ ದಂಡಿಸುವುದಲ್ಲ, ಮುಂದಿನ ಲೆಕ್ಕವನ್ನು ಉತ್ತಮಪಡಿಸುವುದು ಎಂದು ಒಪ್ಪಂದವೇ ಸ್ಪಷ್ಟಪಡಿಸಿದೆ.

ಪರಿಶೀಲಿಸುವ ಅಂಶಗಳಾದರೂ ಯಾವುವು? ಪಾರದರ್ಶಕತೆ, ನಿಖರತೆ, ಸುಸಂಗತತೆ, ಹೋಲಿಕೆಯ ಸಾಧ್ಯತೆ ಮತ್ತು ಸಂಪೂರ್ಣತೆ. ಒಟ್ಟು ಮೊತ್ತದ ಶೇ. 95ರಷ್ಟಾಗುವ ಮುಖ್ಯ ಮೂಲಗಳನ್ನು ಗುರುತಿಸಿ ಅವುಗಳಿಗೆ ಹೆಚ್ಚಿನ ಗಮನ ಕೊಡಬೇಕು. ಸಾಮರ್ಥ್ಯ ಸಾಲದ ಅಭಿವೃದ್ಧಿಶೀಲ ದೇಶಗಳಿಗೆ ಈ ಮಿತಿಯನ್ನು ಶೇ. 85ಕ್ಕೆ ಇಳಿಸಿಕೊಳ್ಳುವ ರಿಯಾಯಿತಿ ಇದೆ. ನಮ್ಮ ವೃತ್ತಿಯಲ್ಲಿ ಇದನ್ನೇ ಮೆಟೀರಿಯಾಲಿಟಿ ಎನ್ನುತ್ತೇವೆ. ವಿಧಾನ ಬದಲಾದರೆ ಹಿಂದಿನ ವರ್ಷಗಳ ಅಂಕಿಗಳನ್ನೂ ಹೊಸ ವಿಧಾನದಲ್ಲಿ ಮರುಲೆಕ್ಕ ಹಾಕಬೇಕೆಂಬ ನಿಯಮವೂ ನಮಗೆ ಅಪರಿಚಿತವಲ್ಲ.

ಎರಡು ಲೆಕ್ಕಗಳ ವ್ಯತ್ಯಾಸ

ದೇಶದ ಲೆಕ್ಕ ಬೇರೆ, ಕಾರ್ಖಾನೆಯ ಲೆಕ್ಕ ಬೇರೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿದರೆ ದೇಶದ ಲೆಕ್ಕದಲ್ಲಿ ಅದು ಅಲ್ಲಿಯೇ, ಒಂದೇ ಬಾರಿ ದಾಖಲಾಗುತ್ತದೆ. ಆ ವಿದ್ಯುತ್ತನ್ನು ಬಳಸಿದ ಪೀಣ್ಯದ ಲೇತ್ ಯಂತ್ರದ ಹೆಸರಿನಲ್ಲಿ ಮತ್ತೆ ದಾಖಲಾಗುವುದಿಲ್ಲ. ಕಾರ್ಖಾನೆಯ ಲೆಕ್ಕದಲ್ಲಾದರೋ ತನ್ನ ಜನರೇಟರಿನ ಹೊಗೆ ನೇರ ಬಾಬ್ತಾಗಿಯೂ ಕೊಂಡ ವಿದ್ಯುತ್ತಿನದು ಪರೋಕ್ಷ ಬಾಬ್ತಾಗಿಯೂ ಬರುತ್ತವೆ. ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ ಚಲನ್ ಮೇಲೆ ಹೊರಗೆ ಕಳುಹಿಸಿದ ಮಾಲಿನ ಹೊರೆ ಮೂರನೆಯ ಬಾಬ್ತಿಗೆ ಸೇರುತ್ತದೆ. ಸಮೂಹದ ಕಂಪನಿಗಳ ಪ್ರತ್ಯೇಕ ಲೆಕ್ಕಗಳನ್ನು ಸುಮ್ಮನೆ ಕೂಡಿಸಿದರೆ ಕ್ರೋಡೀಕೃತ ಲೆಕ್ಕ ಹೇಗೆ ಬಾರದೋ, ಕಾರ್ಖಾನೆಗಳ ಲೆಕ್ಕಗಳನ್ನು ಕೂಡಿಸಿದರೆ ದೇಶದ ಲೆಕ್ಕವೂ ಬಾರದು.

ಸಾಮಾನ್ಯ ಮೆಷಿನ್ ಷಾಪ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಿಂಗಳಿಗೆ ಬೆಸ್ಕಾಂ ಬಿಲ್ಲಿನಲ್ಲಿ 10,000 ಯೂನಿಟ್, ಜನರೇಟರಿಗೆ 200 ಲೀಟರ್ ಡೀಸೆಲ್ ಎಂದುಕೊಳ್ಳಿ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2023-24ಕ್ಕೆ ಪ್ರಕಟಿಸಿದ ಸರಾಸರಿ ಗುಣಾಂಕ ಯೂನಿಟ್ಟಿಗೆ 0.727 ಕಿಲೋ. ಡೀಸೆಲ್ ಲೀಟರಿಗೆ ಸುಮಾರು 2.68 ಕಿಲೋ. ಅಂದರೆ ವಿದ್ಯುತ್ತಿನಿಂದ 7,270 ಕಿಲೋ, ಡೀಸೆಲ್‌ನಿಂದ 536 ಕಿಲೋ. ತಿಂಗಳಿಗೆ ಸುಮಾರು 7.8 ಟನ್, ವರ್ಷಕ್ಕೆ 94 ಟನ್ನಿನ ಆಸುಪಾಸು. ಗುಣಾಕಾರ ಇಷ್ಟೇ. ಕಷ್ಟವಿರುವುದು ಆಧಾರಗಳನ್ನು ಒಟ್ಟುಗೂಡಿಸುವುದರಲ್ಲಿ. ವಿದ್ಯುತ್ತೂ ಡೀಸೆಲ್ಲೂ ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಈ ಎರಡು ಮುಖ್ಯ ಬಾಬ್ತುಗಳು ಜಿಎಸ್‌ಟಿ ರಿಟರ್ನುಗಳಲ್ಲಿ ಸಿಗುವುದಿಲ್ಲ. ಬಂಕಿನ ಬಿಲ್ಲು, ಖಾತೆಯ ನಮೂದು, ಜನರೇಟರಿನ ಓಟದ ಪುಸ್ತಕ ಇವು ಮೂರನ್ನೂ ಒಂದಕ್ಕೊಂದು ತಾಳೆ ನೋಡಬೇಕು.

ನಮ್ಮ ಕಚೇರಿಗೆ ಬರುವ ಸಣ್ಣ ತಯಾರಕರೊಬ್ಬರ ಪ್ರಕರಣ ಇಲ್ಲಿ ಉಲ್ಲೇಖಾರ್ಹ. ಅವರ ನಮೂನೆಯನ್ನು ತುಂಬಿಕೊಟ್ಟ ಸಲಹೆಗಾರರು ಡೀಸೆಲ್ ಬಿಲ್ಲುಗಳನ್ನು ಕೇಳಲೇ ಇಲ್ಲ. ಜನರೇಟರಿನ ಸಾಮರ್ಥ್ಯವನ್ನು ಕೆಲಸದ ಗಂಟೆಗಳಿಂದ ಗುಣಿಸಿ, ಅದು ಹಗಲೆಲ್ಲ ಓಡಿದಂತೆ ಲೆಕ್ಕ ಕಟ್ಟಿದರು. ವಿದ್ಯುತ್ ಬಿಲ್ಲಿನ ಯೂನಿಟ್ಟುಗಳೂ ಪೂರ್ತಿಯಾಗಿ ಸೇರಿದವು. ಒಂದೇ ಯಂತ್ರ ಒಂದೇ ವೇಳೆ ಎರಡು ಮೂಲಗಳಿಂದ ಓಡಿದಂತಾಯಿತು. ತರಬೇತಿ ಪಡೆದ ಪರಿಶೀಲಕರೊಬ್ಬರಿದ್ದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿದ್ದ ದೋಷವದು. ಅಧಿಕವಾದ ಆ ಅಂಕಿಯೇ ಖರೀದಿದಾರರ ಕಡತಕ್ಕೆ ಸೇರಿತು.

ಕೇಳುವವರು ಯಾರು?

ಮೊದಲನೆಯವರು ದೇಶೀಯ ದೊಡ್ಡ ಕಂಪನಿಗಳು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳು 2022-23ರಿಂದ ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ನೀಡಬೇಕೆಂದು ಸೆಬಿ ವಿಧಿಸಿದೆ. ಮೊದಲ 250 ಕಂಪನಿಗಳು ತಮ್ಮ ಖರೀದಿ ಅಥವಾ ಮಾರಾಟದಲ್ಲಿ ಪ್ರಮುಖ ಪಾಲುಳ್ಳವರ ವಿವರವನ್ನೂ ಕೊಡಬೇಕೆಂಬ ನಿಯಮವನ್ನು 2025ರಲ್ಲಿ ಸಡಿಲಿಸಿ, 2025-26ರಿಂದ ಐಚ್ಛಿಕವಾಗಿಸಲಾಯಿತು. ನಿಯಮ ಸಡಿಲವಾದರೂ ನಮೂನೆಗಳು ನಿಂತಿಲ್ಲ.

ಎರಡನೆಯದು ಯುರೋಪು. ಅಲ್ಲಿನ ಗಡಿ ಇಂಗಾಲ ತೆರಿಗೆ 2023ರ ಅಕ್ಟೋಬರ್‌ನಲ್ಲಿ ವರದಿಯ ಹಂತವನ್ನು ಆರಂಭಿಸಿ, 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಉಕ್ಕಿನ ಬೋಲ್ಟು, ನಟ್ಟು, ಸ್ಕ್ರೂಗಳೂ ಅದರ ವ್ಯಾಪ್ತಿಯಲ್ಲಿವೆ. ಯುರೋಪಿನ ಆಮದುದಾರರೊಬ್ಬರು ವರ್ಷಕ್ಕೆ ಒಟ್ಟು 50 ಟನ್ ಮೀರದಿದ್ದರೆ ವಿನಾಯಿತಿ ಉಂಟು. ಆದರೆ ಆ ಮಿತಿ ಆಮದುದಾರರಿಗೆ ಸೇರಿದ್ದು, ಪೀಣ್ಯದ ಒಬ್ಬ ತಯಾರಕರಿಗಲ್ಲ. ನೈಜ ಅಂಕಿಯನ್ನು ತೋರಿಸಬೇಕಾದರೆ ಮಾನ್ಯತೆ ಪಡೆದ ಪರಿಶೀಲಕರ ದೃಢೀಕರಣ ಬೇಕು. ಇಲ್ಲದಿದ್ದರೆ ಅವರೇ ನಿಗದಿಪಡಿಸಿದ, ಮೇಲೆ ಹೆಚ್ಚುವರಿ ಸೇರಿಸಿದ ಅಂಕಿಯೇ ಗತಿ. ಇಲ್ಲೊಂದು ಸೂಕ್ಷ್ಮವಿದೆ. ಉಕ್ಕಿನ ವಸ್ತುಗಳಿಗೆ ಯುರೋಪು ನೇರ ಹೊರಸೂಸುವಿಕೆಯನ್ನು ಮಾತ್ರ ಗಣಿಸುತ್ತದೆ, ಕೊಂಡ ವಿದ್ಯುತ್ತನ್ನಲ್ಲ. ಬೋಲ್ಟಿನ ಬಹುಪಾಲು ಹೊರೆ ಅದರ ಕಚ್ಚಾ ಸರಳಿನೊಡನೆ ಉಕ್ಕಿನ ಕಾರ್ಖಾನೆಯಿಂದಲೇ ಬಂದಿರುತ್ತದೆ. ಆದುದರಿಂದ ಸರಳು ಮಾರಿದವರಿಂದ ಅಂಕಿ ಪಡೆಯುವುದೇ ಇಲ್ಲಿ ಮುಖ್ಯ. ಯಾರಿಗಾಗಿ ಯಾವ ಲೆಕ್ಕ ಎಂಬುದನ್ನು ತಿಳಿಯದ ಸಲಹೆಗಾರರು ಎಲ್ಲರಿಗೂ ಒಂದೇ ಹಾಳೆಯನ್ನು ಕಳುಹಿಸುತ್ತಾರೆ.

ಮೂರನೆಯದು 2023ರ ಜೂನ್‌ನಲ್ಲಿ ಅಧಿಸೂಚಿತವಾದ ನಮ್ಮದೇ ಇಂಗಾಲ ವಹಿವಾಟು ಯೋಜನೆ. ಅದರ ಗುರಿಗಳು ಸಿಮೆಂಟ್, ಅಲ್ಯೂಮಿನಿಯಂ ಮುಂತಾದ ಬೃಹತ್ ಉದ್ಯಮಗಳಿಗೆ ಸಂಬಂಧಿಸಿದವು, ಸಣ್ಣ ಘಟಕಗಳಿಗಲ್ಲ. ಆದರೆ ಅಲ್ಲಿಯೂ ಮಾನ್ಯತೆ ಪಡೆದ ಪರಿಶೀಲನಾ ಸಂಸ್ಥೆಗಳು ಬೇಕಾಗಿರುವುದರಿಂದ, ಇರುವ ಕೆಲವೇ ತಜ್ಞರನ್ನು ದೊಡ್ಡವರೇ ಸೆಳೆದುಕೊಳ್ಳುವ ಸಂಭವ ಹೆಚ್ಚು.

ಒಂದು ಆಕ್ಷೇಪಣೆ

‘ಶತಮಾನಗಳ ಕಾಲ ಹೊಗೆ ಬಿಟ್ಟವರು ಅವರು, ಲೆಕ್ಕ ಕೊಡಬೇಕಾದವರು ನಾವೇ?’ ಎಂದು ಅನೇಕ ಉದ್ಯಮಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಭಾರತ ಸರ್ಕಾರವೂ ಚಾರಿತ್ರಿಕ ಹೊಣೆಗಾರಿಕೆಯ ವಾದವನ್ನು ಮಂಡಿಸುತ್ತ ಬಂದಿದೆ. ಆದರೆ ವಾದ ಮಂಡಿಸುವ ದೇಶವೂ ತನ್ನ ಲೆಕ್ಕವನ್ನು ಸಲ್ಲಿಸುತ್ತಲೇ ಇದೆ. ಭಾರತೀಯ ತಜ್ಞರು ಪರಿಶೀಲನಾ ತಂಡಗಳಲ್ಲಿ ಕುಳಿತು ಇತರ ದೇಶಗಳ ಲೆಕ್ಕವನ್ನೂ ನೋಡಿದ್ದಾರೆ. ಸ್ವಂತ ಅಂಕಿ ಕೈಯಲ್ಲಿದ್ದವರಿಗೆ ಮಾತ್ರ ಚೌಕಾಶಿಗೆ ಎಡೆಯುಂಟು. ಇಲ್ಲದವರ ಅಂಕಿಯನ್ನು ಎದುರಿನವರೇ ಬರೆಯುತ್ತಾರೆ.

ಇನ್ನೊಂದು ಶಂಕೆಯೂ ಅಷ್ಟೇ ನ್ಯಾಯವಾದುದು. ಇದೂ ಪ್ರಮಾಣಪತ್ರದ ವ್ಯಾಪಾರವಾಗಿಬಿಟ್ಟರೇನು ಗತಿ? ಗುಣಮಟ್ಟದ ಪ್ರಮಾಣಪತ್ರಗಳ ಭರಾಟೆಯಲ್ಲಿ ಚೌಕಟ್ಟು ಗೋಡೆಗೇರಿ, ಕಡತ ಬೀರುವಿನಲ್ಲಿಯೇ ಉಳಿದುದನ್ನು ನಾವೆಲ್ಲ ಕಂಡಿದ್ದೇವೆ. ಲೆಕ್ಕ ಬರೆದುಕೊಟ್ಟವರೇ ಅದನ್ನು ದೃಢೀಕರಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಆದುದರಿಂದಲೇ ಪರೀಕ್ಷೆ ಮತ್ತು ಸ್ವಾತಂತ್ರ್ಯ ಎಂಬ ಎರಡು ನಿಯಮಗಳನ್ನು ದೇಶಗಳ ಪರಿಶೀಲನೆಯಿಂದ ನಾವು ಹಾಗೆಯೇ ಎರವಲು ಪಡೆಯಬೇಕು.

ಮಂಡಳಿಯ ಮುಂದೆ ಕೆಲವು ಸಲಹೆಗಳು

1. ಮಂಡಳಿಯು ಪೀಣ್ಯ ಕೈಗಾರಿಕಾ ಸಂಘ, ಕಾಸಿಯಾ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಸಂಘದೊಡಗೂಡಿ ಪರಿಶೀಲಕರ ತರಬೇತಿ ಶಿಬಿರವನ್ನು ಆರಂಭಿಸಬೇಕು. ಪಾಠಗಳು ಕನ್ನಡದಲ್ಲಿಯೂ ಇರಬೇಕು. ಬಿಲ್ಲುಗಳನ್ನು ಜೋಡಿಸಿಡುವ ಗುಮಾಸ್ತರಿಗೆ ತಿಳಿಯದ ಲೆಕ್ಕ ನಿಲ್ಲಲಾರದು.

2. ಪ್ರತಿ ತಂಡದಲ್ಲಿ ಒಬ್ಬ ಲೆಕ್ಕಪರಿಶೋಧಕ ಮತ್ತು ಒಬ್ಬ ಎಂಜಿನಿಯರ್ ಇರಲಿ. ಹಸಿರುಮನೆ ಅನಿಲಗಳ ಹೇಳಿಕೆಯ ದೃಢೀಕರಣಕ್ಕೆ ನಮ್ಮ ಸಂಸ್ಥೆ ಐಸಿಎಐ 3410 ಸಂಖ್ಯೆಯ ಮಾನದಂಡವನ್ನು ಹೊರಡಿಸಿದೆ. ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಇಂಧನ ಪರಿಶೋಧಕರು ಯಂತ್ರಗಳನ್ನು ಬಲ್ಲರು. ಒಬ್ಬರಿಗೆ ಆಧಾರ ಗೊತ್ತು, ಇನ್ನೊಬ್ಬರಿಗೆ ಕುಲುಮೆ ಗೊತ್ತು. ಒಬ್ಬರೇ ಸಾಲದು.

3. ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪಟ್ಟಿಯನ್ನು ಮಂಡಳಿ ಪ್ರಕಟಿಸಲಿ. ಒಂದು ಘಟಕದ ಲೆಕ್ಕ ಬರೆದವರು ಅದೇ ಘಟಕದ ಪರಿಶೀಲನೆಗೆ ಅನರ್ಹರೆಂಬ ನಿಯಮವಿರಲಿ. ಇವರ ಸಹಿ ಯುರೋಪಿನ ಮಾನ್ಯ ಪರಿಶೀಲಕರ ಸಹಿಗೆ ಬದಲಿಯಾಗದು. ಆದರೆ ಮೊದಲೇ ಸರಿಪಡಿಸಿದ ಕಡತದ ದೃಢೀಕರಣಕ್ಕೆ ಅಲೆದಾಟವೂ ಖರ್ಚೂ ಕಡಿಮೆ.

4. ಒಂದೇ ಬಗೆಯ ಸಣ್ಣ ಘಟಕಗಳು ಗುಂಪಾಗಿ ಪರಿಶೀಲಕರನ್ನು ನೇಮಿಸಿಕೊಂಡು ಶುಲ್ಕವನ್ನು ಹಂಚಿಕೊಳ್ಳುವ ಏರ್ಪಾಡಾಗಲಿ. ಮುಖ್ಯ ಮೂಲಗಳಿಗೆ ಮಾತ್ರ ಹೆಚ್ಚಿನ ಗಮನ ಎಂಬ ರಿಯಾಯಿತಿ ದೇಶಗಳಿಗೇ ಇರುವಾಗ, ಹತ್ತು ಜನರ ಷೆಡ್ಡಿಗೂ ಅದು ಸಲ್ಲಬೇಕು.

ಇನ್ಫೋಸಿಸ್‌ನಂತಹ ಬೃಹತ್ ಕಂಪನಿಗಳು ಈ ಲೆಕ್ಕಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ಇರಿಸಿಕೊಳ್ಳಬಲ್ಲವು. ಪೀಣ್ಯದ ಎರಡನೇ ಹಂತದ ಅಡ್ಡರಸ್ತೆಯಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರಿಗೆ ಅದು ಅಸಾಧ್ಯ. ಅವರಿಗೆ ಆಸರೆ ಸಂಘ ಮತ್ತು ಮಂಡಳಿಗಳೇ. ಮುಂದಿನ ಆರ್ಥಿಕ ವರ್ಷದ ಕಾರ್ಯಯೋಜನೆಯಲ್ಲಿ ಈ ಶಿಬಿರಕ್ಕೆ ಸ್ಥಾನ ದೊರೆಯಲಿ. ಅಲ್ಲಿಯವರೆಗೆ ಓದುಗ ಬಂಧುಗಳು ವಿದ್ಯುತ್ ಬಿಲ್ಲು, ಡೀಸೆಲ್ ಬಿಲ್ಲು, ಗ್ಯಾಸ್ ಸಿಲಿಂಡರಿನ ರಸೀದಿ ಮತ್ತು ಕಚ್ಚಾ ಮಾಲಿನ ತೂಕದ ಚೀಟಿಗಳನ್ನು ತಿಂಗಳುವಾರು ಪ್ರತ್ಯೇಕ ಕಡತದಲ್ಲಿ ಜೋಡಿಸಿಡಲು ಇಂದೇ ಆರಂಭಿಸುವುದು ಒಳಿತು.