ಜಾಗಟೆ ಮತ್ತು ತೊಟ್ಟಿಲು

ಸುಳ್ಯ ಕಡೆಯ ಮರ್ಕಂಜದ ಒಂದು ಮನೆಯಂಗಳದಲ್ಲಿ ಅಡಿಕೆ ಹರಡಿತ್ತು. ಮಗುವಿನ ಅಪ್ಪ ಕಾಲಲ್ಲೇ ಅಡಿಕೆ ಮಗುಚುತ್ತಾ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಎರಡು ವರ್ಷದ ಮಗು ಜಗಲಿಯ ಅಂಚಿನಲ್ಲಿ ಕುಳಿತು ಒಂದೊಂದೇ ಅಡಿಕೆ ಹೆಕ್ಕಿ ತಪ್ಪಲೆಗೆ ಹಾಕುತ್ತಿತ್ತು, ತುಂಬಿದ ಮೇಲೆ ಸುರಿದು ಮತ್ತೆ ಮೊದಲಿನಿಂದ ಹೆಕ್ಕುತ್ತಿತ್ತು. ಒಳಗೆ ಅದರ ತಾಯಿ ಪದ ಹೇಳಿಕೊಳ್ಳುತ್ತಿದ್ದಳು. ಯಕ್ಷಗಾನದ ಹಾಡನ್ನು ನಮ್ಮ ಕಡೆ ಪದ ಎನ್ನುವುದು. ಸ್ವರ ಕೇಳಿದರೆ ಮಗು ಓಡಿ ಬಂದು ಮಡಿಲೇರುತ್ತದೆಂದು ಆಕೆ ತಗ್ಗಿಸಿ ಹಾಡುತ್ತಿದ್ದಳು. ಪದ ಹೇಳುವ ಭಾಗವತಿಕೆ ತಗ್ಗಿಸಿ ಹಾಡುವ ವಿದ್ಯೆಯಲ್ಲ.

ಮದುವೆಗೆ ಮೊದಲು ಆಕೆ ಮಹಿಳಾ ತಂಡವೊಂದರಲ್ಲಿ ಪದ ಹೇಳುತ್ತಿದ್ದಳು. ಬಸುರಿಯಾದ ಮೇಲೆ ನಿಲ್ಲಿಸಿದ್ದು, ಮೂರು ವರ್ಷವಾಯಿತು. ಈಗ ಸುಳ್ಯದಲ್ಲಿ ಒಂದು ತಾಳಮದ್ದಳೆಗೆ, ಎಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನಕ್ಕೆ, ಕರೆ ಬಂದಿದೆ, ಶನಿವಾರ. ಅತ್ತೆ ನನ್ನೆದುರೇ ಹೇಳಿದರು: “ಹೋಗಬೇಡ ಅಂತ ನಾನು ಹೇಳುವುದಿಲ್ಲ. ಎರಡು ವರ್ಷ ಕಳೆಯಲಿ, ಮಗು ಶಾಲೆಗೆ ಹೋಗಲಿಕ್ಕೆ ಸುರು ಮಾಡಲಿ. ರಾತ್ರಿ ಎದ್ದು ಅತ್ತರೆ ಅದು ನನ್ನ ಹತ್ತಿರ ನಿಲ್ಲುವುದಿಲ್ಲ.” ಸೊಸೆ ಅತ್ತೆಗೆ ಉತ್ತರ ಕೊಡಲಿಲ್ಲ. ಚಾ ತಂದಿಟ್ಟು ನನ್ನನ್ನು ಕೇಳಿದಳು: “ಸ್ವರ ಅಷ್ಟು ಸಮಯ ಕಾಯ್ತದಾ ಅಕ್ಕ?”

ಇಬ್ಬರ ಮಾತೂ ಸರಿ ಅನ್ನಿಸಿತು. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಈ ಸೀಮೆಯಲ್ಲಿ ಇಂಥ ಪ್ರಶ್ನೆ ಎದ್ದರೆ ಮೊದಲು ನೆನಪಾಗುವುದು ಲೀಲಾವತಿ ಬೈಪಾಡಿತ್ತಾಯರು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದವರು, ಎಳವೆಯಲ್ಲಿ ಶಾಸ್ತ್ರೀಯ ಸಂಗೀತ ಕಲಿತವರು. ಮದುವೆಯಾಗಿ ಕಡಬಕ್ಕೆ ಬಂದ ಮೇಲೆ ಯಕ್ಷಗಾನದ ಪದ ಕಲಿತದ್ದು ಗಂಡನಿಂದ. ಹಿಮ್ಮೇಳದ ಕಲಾವಿದರಾದ ಹರಿನಾರಾಯಣ ಬೈಪಾಡಿತ್ತಾಯರೇ ಅವರ ಗುರು. ಮುಂದೆ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ಪದ ಹೇಳಿದ ಮೊದಲ ಹೆಂಗಸು ಎನ್ನಿಸಿಕೊಂಡರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರು ಹಿಡಿದ ಕೆಲಸ ಎಂಥದ್ದೆಂದು ತಿಳಿಯದೆ ಈ ಹೆಸರನ್ನು ಮಾದರಿಯಾಗಿ ಎತ್ತಿ ತೋರಿಸಬಾರದು. ಮೇಳದ ತಿರುಗಾಟ ಮಳೆ ಬಿಟ್ಟು ದೀಪಾವಳಿಯ ಆಚೀಚೆ ಹೊರಟರೆ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಿಲ್ಲುವುದಿಲ್ಲ. ಇವತ್ತು ಒಂದು ಊರಿನ ಗದ್ದೆಯಾದರೆ ನಾಳೆ ಇನ್ನೊಂದು ಊರಿನ ಶಾಲೆಯ ಬಯಲು. ಆಗಿನ ಯಕ್ಷಗಾನದ ಆಟಗಳು ರಾತ್ರಿ ಶುರುವಾಗಿ ಬೆಳಗಿಗೆ ಮುಗಿಯುತ್ತಿದ್ದವು. ಭಾಗವತನನ್ನು ಮೊದಲನೇ ವೇಷ ಎನ್ನುತ್ತಾರೆ. ಆಟ ಓಡುವುದೂ ನಿಲ್ಲುವುದೂ ಅವನ ತಾಳದ ಮೇಲೆ. ಅಲ್ಲಿ ಕುಳಿತವರಿಗೆ ‘ಮಗುವಿಗೆ ಜ್ವರ, ಇವತ್ತೊಂದು ದಿನ’ ಎನ್ನುವ ಮಾತಿಲ್ಲ. ಅದರ ಮೇಲೆ, ತೋಟ ಇರುವ ಮನೆಗಳಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳೂ ಇವೇ. ಕೊಯ್ಯಬೇಕು, ಒಣಗಿಸಬೇಕು, ಸುಲಿಯಬೇಕು, ಕೆಲಸಕ್ಕೆ ಬಂದವರಿಗೆ ಬಡಿಸಬೇಕು. ವರ್ಷದಲ್ಲಿ ಮನೆ ಹೆಂಗಸನ್ನು ಅತಿ ಹೆಚ್ಚು ಬೇಡುವ ಆರು ತಿಂಗಳನ್ನೇ ಮೇಳವೂ ಬೇಡುತ್ತದೆ.

ಬೈಪಾಡಿತ್ತಾಯ ದಂಪತಿ ಒಂದೇ ಹಿಮ್ಮೇಳದಲ್ಲಿ ಕುಳಿತವರು. ಹೆಂಡತಿಯ ವಿದ್ಯೆ ಗಂಡನ ವೃತ್ತಿಯೂ ಆಗಿತ್ತು. ಎಲ್ಲ ಮನೆಗಳಲ್ಲೂ ಇದು ಒದಗುವುದಿಲ್ಲ. ಮಹಿಳಾ ತಂಡಗಳು, ಹವ್ಯಾಸಿ ಸಂಘಗಳು ಈಗ ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟಿವೆ, ಹೆಣ್ಣುಮಕ್ಕಳು ಸೊಗಸಾಗಿ ಪದ ಹೇಳುತ್ತಾರೆ. ಆರು ತಿಂಗಳ ತಿರುಗಾಟಕ್ಕೆ ಹೊರಟವರು ಮಾತ್ರ ಬೆರಳೆಣಿಕೆಯಷ್ಟು. ಲೀಲಾವತಿಯಕ್ಕ ದಾರಿ ಇದೆಯೆಂದು ತೋರಿಸಿದರು. ಆ ದಾರಿಯಲ್ಲಿ ಜನ ಯಾಕೆ ಕಡಿಮೆ ಎಂಬ ಪ್ರಶ್ನೆ ಹಾಗೇ ಉಳಿದಿದೆ, ಅದನ್ನು ಬರೀ ಛಲದ ಕೊರತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅತ್ತೆಯ ಪಕ್ಷಕ್ಕೂ ಗಟ್ಟಿ ಸಾಕ್ಷಿಗಳಿವೆ. ತೀರ್ಥಹಳ್ಳಿಯ ಲೇಖಕಿ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಓದು ಎಳೆಯದರಲ್ಲೇ ನಿಂತು ಮದುವೆಯಾಯಿತು. ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ ಬಂದಾಗ ಅವರಿಗೆ ಅರವತ್ತರ ಹತ್ತಿರ. ನಮ್ಮ ಪಕ್ಕದ ಕಾಸರಗೋಡಿನ ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದವರು, ನಾಲ್ಕು ಗಂಡುಮಕ್ಕಳ ತಾಯಿ. ‘ಲಂಕೇಶ್ ಪತ್ರಿಕೆ’ಯಲ್ಲಿ ಅವರ ಬರಹ ಬರಲು ಶುರುವಾದದ್ದು 1981ರಲ್ಲಿ, ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾದದ್ದು 1984ರಲ್ಲಿ. ಇಬ್ಬರೂ ಕೈಗೆ ಪೆನ್ನು ತಗೊಂಡದ್ದು ತಡವಾಗಿ. ಆ ವರ್ಷಗಳು ವ್ಯರ್ಥವಾದವು ಎನ್ನುವ ಧೈರ್ಯ ನನಗಿಲ್ಲ. ಮನೆಯೊಳಗೆ, ನೆರೆಯ ಹೆಂಗಸರ ನಡುವೆ, ಹೆರಿಗೆ ಬಾಣಂತನಗಳಲ್ಲಿ ಕೇಳಿದ್ದು ಕಂಡದ್ದೇ ಆ ಬರಹಗಳ ಸತ್ವ. ಇಪ್ಪತ್ತೈದರಲ್ಲಿ ಬರೆದಿದ್ದರೆ ಬೇರೆಯೇ ಪುಸ್ತಕಗಳಾಗುತ್ತಿದ್ದವು.

ಆದರೆ ‘ತುಂಗಭದ್ರ’ ಬಂದ ಅದೇ 1963ರ ಜುಲೈಯಲ್ಲಿ ಕಾದಂಬರಿಕಾರ್ತಿ ತ್ರಿವೇಣಿ ತೀರಿಕೊಂಡರು, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಮೂವತ್ತೈದು ತುಂಬಿರಲಿಲ್ಲ. ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಮಕ್ಕಳಾಗಿ ದೊಡ್ಡವರಾದ ಮೇಲೆ ಬರೆದರಾಯಿತು ಎಂದು ಅವರು ಕಾದಿದ್ದರೆ ಕನ್ನಡಕ್ಕೆ ‘ಶರಪಂಜರ’ ಇಲ್ಲ, ‘ಬೆಕ್ಕಿನ ಕಣ್ಣು’ ಇಲ್ಲ. ಕಾಯುವುದನ್ನು ಹೊಗಳುವಾಗ ಕಾದು ಉಳಿದವರನ್ನಷ್ಟೇ ನಾವು ಲೆಕ್ಕ ಹಿಡಿಯುತ್ತೇವೆ. ಕಾಯುತ್ತಲೇ ಹೋದವರ ಹೆಸರು ಯಾವ ಪುಸ್ತಕದ ಮೇಲೂ ಇರುವುದಿಲ್ಲ.

ಇನ್ನೊಂದು ಮಾತು, ನನಗೆ ಮುಖ್ಯವಾಗಿ ಕಂಡದ್ದು. ಇಂದಿರಾ, ಸಾರಾ ಇಬ್ಬರದೂ ಅಕ್ಷರದ ಕಲೆ. ಮಗು ಮಲಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಬರೆಯಬಹುದು, ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಐದು ವರ್ಷ ಬಿಟ್ಟು ತೆಗೆಯಬಹುದು. ಪದ ಹೇಳುವವಳಿಗೆ, ಕುಣಿಯುವವಳಿಗೆ ಅದು ಸಾಧ್ಯವಿಲ್ಲ. ಸ್ವರಕ್ಕೆ ದಿನವೂ ಸಾಧಕ ಬೇಕು, ಹೆಜ್ಜೆಗೆ ಮೈಯ ಕಸುವು ಬೇಕು. ಸಾಲದ್ದಕ್ಕೆ ಆಟವೆಂದರೆ ಹತ್ತಾರು ಜನ ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕಾದ ಕೆಲಸ. ಚೆಂಡೆಯವರು, ಮದ್ದಳೆಯವರು, ವೇಷಧಾರಿಗಳು ಮಗುವಿನ ನಿದ್ದೆಯ ಹೊತ್ತು ನೋಡಿ ಬರುವುದಿಲ್ಲ. ‘ಕಲೆ ಕಾಯುತ್ತದೆ’ ಎನ್ನುವವರು ಯಾವ ಕಲೆ ಎಂದು ಮೊದಲು ಕೇಳಿಕೊಳ್ಳಬೇಕು. ಸೊಸೆಯ ಪ್ರಶ್ನೆಯಲ್ಲಿ ಇದ್ದದ್ದು ಇದೇ ಭಯ.

ಹಾಗೆಂದು ಅತ್ತೆಯನ್ನು ಅಡ್ಡಿಯೆಂದು ನೋಡುವವರ ಜೊತೆಗೆ ನಾನು ನಿಲ್ಲಲಾರೆ. ತಾಯಿ ಹೊರಗೆ ಹೋದ ರಾತ್ರಿಯನ್ನು ಮನೆಯಲ್ಲಿ ಯಾರೋ ಒಬ್ಬರು ಹೊರುತ್ತಾರೆ, ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಇನ್ನೊಬ್ಬ ಹೆಂಗಸೇ. ಅರವತ್ತು ದಾಟಿದ, ತನ್ನ ಮಕ್ಕಳನ್ನು ಸಾಕಿ ಮುಗಿಸಿದ ಹೆಂಗಸು. ಈ ಅತ್ತೆಯೂ ಹಾಡುತ್ತಿದ್ದವರೇ ಎಂದು ಅವತ್ತು ಮಾತಿನ ನಡುವೆ ಗೊತ್ತಾಯಿತು. ನೇಜಿ ನೆಡುವಾಗ ಪಾಡ್ದನ, ಮದುವೆಮನೆಯಲ್ಲಿ ಸೋಬಾನೆ. ಮಗುವನ್ನು ಗದ್ದೆಯ ಹುಣಿಯ ಮೇಲೆ ಮಲಗಿಸಿ ಹಾಡಿದವರು. ಆ ಹಾಡಿಗೂ ತೊಟ್ಟಿಲಿಗೂ ಜಗಳವಿರಲಿಲ್ಲ. ಹಾಡು ಕೆಲಸದ ಒಳಗೇ ಇತ್ತು, ಮಗು ಹಾಡಿನ ಹತ್ತಿರವೇ ಇತ್ತು. ಅದನ್ನು ನೆನೆಸಿಕೊಂಡೇ ಅವರು, ಮನೆಯಲ್ಲಿದ್ದು ಹಾಡಲಿಕ್ಕೆ ಆಗುವುದಿಲ್ಲವಾ ಎಂದು ಕೇಳುವುದು. ಆ ಪ್ರಶ್ನೆಗೆ ಒಂದು ಗೌರವವಿದೆ. ಉತ್ತರವೂ ಇದೆ: ಗದ್ದೆಯಲ್ಲಿ ಹಾಡಿದವರಿಗೆ ಕಲಾವಿದೆ ಎಂಬ ಹೆಸರೂ ಸಿಗಲಿಲ್ಲ, ಸಂಭಾವನೆಯೂ ಸಿಗಲಿಲ್ಲ. ಗದ್ದೆಗಳು ತೋಟವಾದ ಮೇಲೆ ಹಾಡಲಿಕ್ಕೆ ಜಾಗವೂ ಉಳಿಯಲಿಲ್ಲ. ಈಗ ಆ ಅಡಿಕೆ ತೋಟಗಳಿಗೂ ಹಳದಿ ಎಲೆ ರೋಗ ಬಡಿದಿದೆ. ಮರ್ಕಂಜ, ಅರಂತೋಡು, ಸಂಪಾಜೆ ಕಡೆ ಅದು ಎಷ್ಟು ತೋಟಗಳನ್ನು ತಿಂದಿದೆಯೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸೊಸೆ ತರುವ ನಾಲ್ಕು ಕಾಸಿಗೂ ಇಂಥ ಮನೆಯಲ್ಲಿ ಬೆಲೆಯಿದೆ.

ಮಗುವಿನ ಪಕ್ಷವನ್ನೂ ಹೇಳಬೇಕು, ಅದಕ್ಕೆ ಮಾತು ಬರುವುದಿಲ್ಲವಲ್ಲ. ತಾಯಿ ಕಲಾವಿದೆಯಾಗಿದ್ದರೆ ಮಗು ಹೆಮ್ಮೆ ಪಡುತ್ತದೆ ಎನ್ನುವುದು ಇಪ್ಪತ್ತು ವರ್ಷದ ಮಗನ ಮಾತು, ಎರಡು ವರ್ಷದ ಮಗುವಿನದ್ದಲ್ಲ. ಅದಕ್ಕೆ ಬೇಕಾದದ್ದು ರಾತ್ರಿ ಕೈ ಚಾಚಿದಾಗ ಸಿಗುವ ಗೊತ್ತಿರುವ ಮೈ. ಬಹಳ ತಾಯಂದಿರಿಗೂ ಆ ಹೊತ್ತಿನಲ್ಲಿ ಅಲ್ಲೇ ಇರಬೇಕೆಂಬ ಆಸೆ ಇರುತ್ತದೆ, ಯಾರೂ ಕಟ್ಟಿಹಾಕಬೇಕಾಗಿಲ್ಲ. ಹೆಣ್ಣಿನ ಸ್ವಾತಂತ್ರ್ಯದ ಮಾತಾಡುವ ನಮ್ಮಂಥವರು ಈ ಆಸೆಯನ್ನು ಬರೀ ಬಂಧನವೆಂದು ಬರೆದು ತಪ್ಪು ಮಾಡಿದ್ದೇವೆ. ಆ ಗೊತ್ತಿರುವ ಮೈ ತಾಯಿಯದ್ದೇ ಆಗಬೇಕೆಂದು ಮಾತ್ರ ಇಲ್ಲ. ದಿನವೂ ಎತ್ತಿ ಮಲಗಿಸಿದ ಕೈ ಯಾವುದಾದರೂ ಮಗುವಿಗೆ ಗೊತ್ತಾಗುತ್ತದೆ.

ಈಚಿನ ವರ್ಷಗಳಲ್ಲಿ ಯಕ್ಷಗಾನಕ್ಕೆ ಬಂದ ಒಂದು ಬದಲಾವಣೆ ಈ ತಕ್ಕಡಿಯನ್ನು ಅಲುಗಿಸಿದೆ ಎಂದು ನನ್ನ ಎಣಿಕೆ: ಕಾಲಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕುವ ನಿಯಮ ಬಂದದ್ದು 2000ದಲ್ಲಿ. ಅದೂ ಒಂದು ಕಾರಣವಾಗಿ, ಬೆಳಗಿನ ಕೆಲಸಕ್ಕೆ ಓಡುವ ಪ್ರೇಕ್ಷಕರೂ ಒಂದು ಕಾರಣವಾಗಿ, ಹಲವು ಮೇಳಗಳು ಇಡೀ ರಾತ್ರಿಯ ಆಟವನ್ನು ಸಂಜೆಯಿಂದ ಐದಾರು ಗಂಟೆಗೆ ಇಳಿಸಿದವು. ಕಲೆ ಮೊಟಕಾಯಿತು, ರಾಗದ ವಿಸ್ತಾರ ಹೋಯಿತು ಎಂದು ಹಿರಿಯರು ನೊಂದದ್ದರಲ್ಲಿ ಸತ್ಯವಿದೆ. ಬೆಳಗಿನ ಜಾವದ ಪದಗಳನ್ನು ಕೇಳಿ ಬೆಳೆದ ನನಗೂ ಆ ನಷ್ಟ ಗೊತ್ತು. ಆದರೆ ಹತ್ತೂವರೆಗೆ ಮುಗಿಯುವ ಆಟಕ್ಕೆ ಹೋಗಿ ಬಂದು ಮಗುವಿನ ಪಕ್ಕ ಮಲಗಬಹುದು. ಕಾಲಮಿತಿಯ ಚರ್ಚೆಗಳಲ್ಲಿ ಈ ಮಾತನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ತಾಯಂದಿರಿಗೆಂದು ಯಾರೂ ಮಾಡದ ಬದಲಾವಣೆ ಅವರಿಗೊಂದು ಬಾಗಿಲು ತೆರೆದಿದೆ.

ಸರಕಾರ ಮಾಡಿದ್ದೂ ಇದೆ, ತಲುಪಿದ್ದು ಕಡಿಮೆ. ಹೆರಿಗೆ ಸೌಲಭ್ಯದ ಕಾಯ್ದೆ 2017ರಲ್ಲಿ ತಿದ್ದುಪಡಿಯಾಗಿ ರಜೆ 26 ವಾರಕ್ಕೇರಿತು, 50 ಜನ ದುಡಿಯುವಲ್ಲಿ ಶಿಶುಪಾಲನೆಗೆ ವ್ಯವಸ್ಥೆ ಇರಬೇಕೆಂದಾಯಿತು. ಹವ್ಯಾಸಿ ತಂಡದ ಭಾಗವತೆ ಯಾರ ನೌಕರಳೂ ಅಲ್ಲ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳಾದವು, ಒಳ್ಳೆಯದು, ಅವು ಹಗಲಿನವು. ಕಲೆಯ ಹೊತ್ತು ಸಂಜೆ. ತಾಳಮದ್ದಳೆಯ ಸಂಘಟಕರು ಅರ್ಥಧಾರಿಗಳಿಗೆ ಕಾರು ಗೊತ್ತುಮಾಡುವಂತೆ ಮಗುವಿನ ಜೊತೆ ಬಂದವಳಿಗೊಂದು ಕೋಣೆ, ಒಂದು ಚಾಪೆ, ಎತ್ತಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿದರೆ ಖರ್ಚು ಎಷ್ಟಾದೀತು? ನಾನು ಕಂಡ ಒಂದು ಸಭಾಭವನದಲ್ಲಿ ಹಾಲೂಡಿಸಲು ಮರೆಯಿಲ್ಲದೆ ಒಬ್ಬಳು ಪಾತ್ರೆ ತೊಳೆಯುವ ಜಾಗದಲ್ಲಿ ಕುಳಿತಿದ್ದಳು. ಆಮೇಲೆ ಬಂದು ಹಾಡಿದಳು, ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನ್ನ ಕಿವಿಗೆ ಹಿಡಿಸಲಿಲ್ಲ.

ನನ್ನ ತೀರ್ಮಾನ ಕೇಳಿದರೆ, ಬರೆಯುವವಳಿಗೆ ನಾನು ಕಾಯಬಹುದು, ಆದರೆ ಕಾಯುತ್ತಲೇ ಸ್ವಲ್ಪ ಸ್ವಲ್ಪ ಬರೆ ಎನ್ನುತ್ತೇನೆ. ಹಾಡುವವಳಿಗೆ, ಕುಣಿಯುವವಳಿಗೆ ಪೂರ್ತಿ ನಿಲ್ಲಿಸಬೇಡ ಎನ್ನುತ್ತೇನೆ. ತಿಂಗಳಿಗೆ ಒಂದಾದರೂ ತಾಳಮದ್ದಳೆ, ದಿನಕ್ಕೆ ಅರ್ಧ ಗಂಟೆಯಾದರೂ ತೆರೆದ ಸ್ವರದಲ್ಲಿ ಸಾಧಕ. ತಿರುಗಾಟ ಬೇಕೆನ್ನುವವಳನ್ನು ತಡೆಯಲಾರೆ, ಆದರೆ ಮನೆಯಲ್ಲಿ ಯಾರ ಸೊಂಟದ ಮೇಲೆ ಆ ಭಾರ ಬೀಳುತ್ತದೆ ಎಂದು ಕೇಳಿಯೇ ಕೇಳುತ್ತೇನೆ.

ಅವತ್ತು ನಾನು ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅತ್ತೆ, ಸೊಸೆ, ನಾನು ಮೂವರೂ ಒಂದು ಗಂಟೆ ಈ ಶನಿವಾರದ ಮಾತನ್ನೇ ಆಡಿದ್ದೆವು. ಅತ್ತೆ ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದರು. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಸೊಸೆಯನ್ನು ಕೇಳಿದರು. ಹತ್ತರ ಒಳಗೆ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಳದ ಕಡೆ ತಿರುಗಿ ಮಗನನ್ನು ಕರೆದರು: “ಶನಿವಾರ ರಾತ್ರಿ ನೀನು ಎಲ್ಲಿರ್ತೀ?”

ಅವನು ಅಡಿಕೆಯ ನಡುವೆ ನಿಂತ. ಅಷ್ಟು ಹೊತ್ತಿನಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.