ಪೂಕೋಡು ಕೆರೆಯ ದಂಡೆಯಲ್ಲಿ ಎರಡು ಗಂಟೆ



ಡಿಸೆಂಬರು ಹತ್ತಿರವಾಯಿತೆಂದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಮೈಸೂರು ಅಲ್ಲವೆಂದಾದರೆ ವಯನಾಡು, ವಯನಾಡೆಂದರೆ ವೈತ್ತಿರಿ, ವೈತ್ತಿರಿಯೆಂದರೆ ಪೂಕೋಡು ಕೆರೆ. ಸುತ್ತ ಕಾಡು, ಗುಡ್ಡ, ಕಾಫಿ ತೋಟ, ಹೆಜ್ಜೆಗೊಂದರಂತೆ ರೆಸಾರ್ಟುಗಳು. ನಾವು ಮಕ್ಕಳನ್ನು ಅಲ್ಲಿಗೆ ಮೂರು ಬಾರಿ ಕರೆದುಕೊಂಡು ಹೋದವರು. ಅಲ್ಲಿ ಮಾಡಬೇಕಾದುದೇನು ಎಂಬ ಬಗ್ಗೆ ನಮಗೆ ಈಗ ಒಂದು ಖಚಿತವಾದ ಅಭಿಪ್ರಾಯವಿದೆ. ಮೊದಲ ಎರಡು ಸಲ ಅದು ಇರಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಮೊದಲ ಸಲದ ಕಥೆ ಹೀಗಿದೆ. ಟಿಕೇಟು ಕೊಂಡು ಒಳಹೊಕ್ಕೆವು. ದೋಣಿಗಾಗಿ ಸಾಲಿನಲ್ಲಿ ಒಂದು ಗಂಟೆಗೂ ಮಿಕ್ಕಿ ನಿಂತೆವು. ದೋಣಿಯಲ್ಲಿ ಕುಳಿತದ್ದು ಇಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ಅಂಗಡಿಗಳ ಎದುರು ಕಳೆಯಿತು. ಹೊರಡುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಈ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು. "ಸಮುದ್ರಕ್ಕೆ, ಮತ್ತೆಲ್ಲಿಗೆ?" ಎಂದು ಪಶ್ಚಿಮದ ಕಡೆಗೆ ಕೈ ತೋರಿಸಿ ಬಸ್ಸು ಹತ್ತಿಸಿದೆವು.

ಆ ಉತ್ತರ ತಪ್ಪು. ಚಂದ್ರಗಿರಿ, ಶಿರಿಯ ಹೊಳೆಗಳನ್ನು ನೋಡಿ ಬೆಳೆದ ನಮಗೆ ನೀರೆಂದರೆ ಪಡುವಣಕ್ಕೆ ಹರಿಯುವುದೇ ಸರಿ. ಕೇರಳದ 44 ನದಿಗಳಲ್ಲಿ 41 ಹಾಗೆಯೇ ಹರಿಯುತ್ತವೆ. ಮೂಡಣಕ್ಕೆ ಹರಿಯುವ ಮೂರರಲ್ಲಿ ಕಬಿನಿ ಒಂದು. ಪೂಕೋಡಿನಿಂದ ಹೊರಡುವ ತೊರೆಯು ಪನಮರಂ ಹೊಳೆಯಾಗಿ, ಮಾನಂತವಾಡಿ ಹೊಳೆಯನ್ನು ಕೂಡಿಕೊಂಡು ಕಬಿನಿಯಾಗುತ್ತದೆ. ಬಳಿಕ ಹೆಗ್ಗಡದೇವನಕೋಟೆಯ ಜಲಾಶಯ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಡೆಗೆ ಬಂಗಾಳ ಕೊಲ್ಲಿ. ಅರಬ್ಬೀ ಸಮುದ್ರ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಷ್ಟು ಹತ್ತಿರವಿದ್ದರೂ ಈ ನೀರು ಅದಕ್ಕೆ ಬೆನ್ನು ಹಾಕಿ ಇಡೀ ನಾಡನ್ನು ದಾಟಿ ಹೋಗುತ್ತದೆ! ಕೆಲವೇ ಕಿಲೋಮೀಟರು ಆಚೆ ಲಕ್ಕಿಡಿಯ ಘಾಟಿಯ ಅಂಚಿನಿಂದ ಕೆಳಗಿಳಿಯುವ ಮಳೆನೀರಾದರೋ ಪಶ್ಚಿಮಕ್ಕೆ. ವಯನಾಡಿನಲ್ಲಿ ಮಳೆ ಜೋರಾದಾಗ ಕಬಿನಿ ಜಲಾಶಯ ತುಂಬಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದರ ಒಂದು ಬಾಯಿ ನಮ್ಮ ಕಾಲ ಬುಡದಲ್ಲೇ ಇತ್ತು. ಭೂಪಟದ ಮೇಲೆ ಬೆರಳಿಟ್ಟು ಹೇಳಬೇಕಾದ ಪಾಠವನ್ನು ಅಲ್ಲಿ ಕಣ್ಣಾರೆ ತೋರಿಸಬಹುದಾಗಿತ್ತು. ನಾವು ದೋಣಿಯ ಸಾಲಿನಲ್ಲಿ ನಿಂತಿದ್ದೆವು.

ದೋಣಿ ಬೇಡವೆಂದು ಹೇಳುತ್ತಿಲ್ಲ. ಮಕ್ಕಳು ಮಕ್ಕಳೇ. ಆದರೆ ಮೊದಲು ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ಒಂದು ಸುತ್ತು ನಡೆಯಬೇಕೆಂಬುದು ನಮ್ಮ ಹಟ. ಕಳೆದ ಸಲ ಹಾಗೆಯೇ ಮಾಡಿದೆವು. ಮೊದಲ ಹತ್ತು ನಿಮಿಷ ಗೊಣಗಾಟ. ಆಮೇಲೆ ಮಂಗಗಳು ಬಂದವು, ಗೊಣಗಾಟ ನಿಂತಿತು. ಮರಗಳ ನೆರಳಿನಲ್ಲಿ ನೀರು ಬಹುಮಟ್ಟಿಗೆ ಕಪ್ಪಾಗಿಯೇ ಕಾಣುತ್ತದೆ. ನೈದಿಲೆಯ ಎಲೆಗಳು ಒತ್ತಾಗಿ ಹಬ್ಬಿರುತ್ತವೆ. ಕೆರೆ ಭಾರತದ ಭೂಪಟದ ಆಕಾರದಲ್ಲಿದೆಯೆಂದು ಮಾರ್ಗದರ್ಶಿಗಳು ಹೇಳುವುದುಂಟು. ದಂಡೆಯಲ್ಲಿ ನಿಂತವರಿಗೆ ಅದು ಕಾಣಿಸದು, ಕಾಣಿಸಿತೆಂದು ಮಕ್ಕಳಿಂದ ಹೇಳಿಸುವುದೂ ಬೇಡ. ಫಲಕದಲ್ಲಿದ್ದ ‘ತಟಾಕಂ’ ಎಂಬ ಮಲಯಾಳ ಪದವನ್ನು ಓದಿದ ಹುಡುಗನೊಬ್ಬ, ನಮ್ಮ ‘ತಟಾಕ’ವೇ ಅಲ್ಲವೇ ಎಂದ. ಇನ್ನೊಬ್ಬ ‘ಪೂ’ ಎಂದರೆ ಹೂ ಎಂದ. ಹಳಗನ್ನಡದಲ್ಲಿಯೂ ಅದು ‘ಪೂ’ವೇ, ಪಕಾರ ಹಕಾರವಾದದ್ದು ಅನಂತರ ಎಂದು ಹೇಳಲು ನಮಗೆ ಒಂದು ನೆಪ ಸಿಕ್ಕಿತು. ಎರಡು ಭಾಷೆಗಳ ನಡುವೆ ಓದಿ ಬೆಳೆದವರಿಗೆ ಇಂತಹ ಲಾಭ ಆಗಾಗ ಸಿಗುತ್ತದೆ. ನಷ್ಟದ ಮಾತನ್ನೇ ನಾವು ಹೆಚ್ಚಾಗಿ ಆಡುತ್ತೇವೆ.

ಗಾಜಿನ ಪೆಟ್ಟಿಗೆಯ ಬಣ್ಣದ ಮೀನುಗಳ ಮುಂದೆ ಮಕ್ಕಳು ಬಹಳ ಹೊತ್ತು ನಿಲ್ಲುತ್ತಾರೆ. ಆದರೆ ಈ ಕೆರೆಯ ಹೆಸರನ್ನೇ ಹೊತ್ತ ಒಂದು ಪುಟ್ಟ ಮೀನಿದೆ, ಪೆತಿಯಾ ಪೂಕೋಡೆನ್ಸಿಸ್ ಎಂದು. ಅದು ಅಳಿವಿನ ಅಂಚಿನಲ್ಲಿರುವ ಜೀವಿ. ಹೂಳು, ಕಳೆಗಳ ಕಾಟ ಕೆರೆಗೆ ಮೊದಲೇ ಇದೆ. ಅದರ ಮೇಲೆ ನಮ್ಮ ಬುತ್ತಿಯ ಪ್ಲಾಸ್ಟಿಕ್ಕು! ಎರಡನೆಯ ಸಲ ನಮ್ಮ ಮಕ್ಕಳೇ ಚಿಪ್ಸಿನ ತೊಟ್ಟೆಗಳನ್ನು ನೀರಿಗೆ ಎಸೆದದ್ದನ್ನು ನೋಡಿದೆವು, ಬೈದೆವು, ಹೆಕ್ಕಿಸಲಾಗಲಿಲ್ಲ. ಇದೇ ಮಕ್ಕಳು ಅನಂತಪುರದ ಸರೋವರ ಕ್ಷೇತ್ರದಲ್ಲಿ ಮೊಸಳೆ ಬಬಿಯಾ ಕಂಡೀತೇ ಎಂದು ಉಸಿರು ಬಿಗಿಹಿಡಿದು ನಿಂತವರು. 2022ರಲ್ಲಿ ಅದು ಸತ್ತಾಗ ಅತ್ತವರು. ಕೆರೆ ನಮ್ಮದಾದರೆ ಒಂದು ನಡತೆ, ಪರರದ್ದಾದರೆ ಇನ್ನೊಂದೇ? ಈಚೆಗೆ ಸ್ಟೀಲಿನ ತಟ್ಟೆ, ಲೋಟಗಳನ್ನು ಮನೆಯಿಂದಲೇ ತರಿಸುತ್ತೇವೆ. ತಾಯಂದಿರಿಗೆ ತೊಂದರೆಯೆಂದು ಬಲ್ಲೆವು.

ಇನ್ನೊಂದು ಮಾತನ್ನು ಹೇಳಲೇಬೇಕು. ವೈತ್ತಿರಿ ತಾಲೂಕಿನಲ್ಲಿಯೇ ಮುಂಡಕೈ, ಚೂರಲ್‌ಮಲೆಗಳಿವೆ. 2024ರ ಜುಲಾಯಿ 30ರ ನಸುಕಿನಲ್ಲಿ ಗುಡ್ಡ ಜರಿದು ನೂರಾರು ಮಂದಿ ತೀರಿಹೋದದ್ದು ಅಲ್ಲಿ. ವೆಳ್ಳಾರ್‌ಮಲೆಯ ಶಾಲೆ ತನ್ನ ಹಲವು ಮಕ್ಕಳನ್ನು ಕಳೆದುಕೊಂಡಿತು. ಆ ಬಳಿಕ ವಯನಾಡಿಗೆ ಪ್ರವಾಸವೇ ಬೇಡವೆಂದು ಕೆಲವು ಪೋಷಕರು ಹೇಳಿದರು. ನಮಗೆ ಹಾಗನಿಸಲಿಲ್ಲ. ಮಳೆಗಾಲ ಕಳೆದ ಮೇಲೆ ಹೋಗುವುದರಲ್ಲಿ ತಪ್ಪಿಲ್ಲ. ಬರುವವರನ್ನೇ ನಂಬಿ ಚಹಾದಂಗಡಿ, ಜೀಪು ಇಟ್ಟುಕೊಂಡವರಿಗೂ ಹೊಟ್ಟೆಯಿದೆ. ಆದರೆ ಕಳೆದ ಸಲ, "ಆ ಜಾಗವನ್ನೂ ತೋರಿಸೋಣವೇ?" ಎಂದು ಒಬ್ಬರು ಕೇಳಿದಾಗ ಬೇಡವೆಂದೆವು. ಫೋನು ಹಿಡಿದು ಸಿದ್ಧರಾಗಿದ್ದ ದೊಡ್ಡ ಹುಡುಗರಿಗೆ ಕೋಪ ಬಂತು. ಬರಲಿ. ಇನ್ನೊಬ್ಬರ ಮನೆಯ ಮಕ್ಕಳು ಮಣ್ಣಾದ ಸ್ಥಳ ಪ್ರೇಕ್ಷಣೀಯವಲ್ಲ. ಆ ದಿನ ಬಸ್ಸಿನಲ್ಲಿ ಕುಳಿತೇ, ನಮ್ಮೂರಿನ ಗುಡ್ಡೆಗಳನ್ನು ಜೆಸಿಬಿಯಿಂದ ಕಡಿಯುತ್ತಿರುವುದರ ಕುರಿತು ಮಾತಾಡಿದೆವು. ಆಮೇಲೆ ಹುಡುಗರು ಪದ ಹೇಳಿದರು.

ಕೊನೆಗೆ ಹಣದ ಮಾತು. ಶಾಲಾ ಪ್ರವಾಸಕ್ಕೆ ರಾತ್ರಿ ಪ್ರಯಾಣ ಸಲ್ಲದಾದ್ದರಿಂದ ಒಂದು ರಾತ್ರಿ ಕಲ್ಪೆಟ್ಟದಲ್ಲಿ ತಂಗಲೇಬೇಕು, ಖರ್ಚು ಏರುತ್ತದೆ. ಕಳೆದ ಸಲ ಏಳು ಮಕ್ಕಳು ಬರಲಿಲ್ಲ. ಜ್ವರ, ಅಜ್ಜಿಗೆ ಸೌಖ್ಯವಿಲ್ಲ, ನೆಂಟರ ಮದುವೆ ಎಂದರು. ನಿಜವಾದ ಕಾರಣ ನಮಗೂ ಗೊತ್ತು, ಅವರಿಗೂ ಗೊತ್ತು. ಅದೇ ಬಸ್ಸಿನಲ್ಲಿ ಐನೂರು, ಸಾವಿರ ರೂಪಾಯಿ ಕೈಖರ್ಚಿಗೆ ತಂದವರಿದ್ದರು. ಆ ಹಣ ಚಾಕಲೇಟು, ಕೀಚೈನುಗಳಾಗಿ ಹೋಯಿತು. ಆದುದರಿಂದ ಈ ವರ್ಷದ ಪೋಷಕರ ಸಭೆಯಲ್ಲಿ ನಾವು ಇಡಲಿರುವ ಸೂಚನೆ ಇದು: ಕೈಖರ್ಚು ಯಾರಿಗೂ ನೂರು ರೂಪಾಯಿ ಮೀರಕೂಡದು, ದೋಣಿಯ ಹಣವನ್ನು ಎಲ್ಲರಿಂದ ಒಟ್ಟಾಗಿ ವಸೂಲು ಮಾಡಕೂಡದು, ಉಳಿಯುವ ಹಣವನ್ನು ಶಾಲೆಯ ಡಬ್ಬಿಗೆ ಹಾಕಬೇಕು. ಯಾರ ಹೆಸರನ್ನೂ ಹೇಳದೆ ಅದರಿಂದ ಬಸ್ಸಿನ ಸೀಟುಗಳನ್ನು ತುಂಬಿಸುವ ಹೊಣೆ ನಮ್ಮದು. ಸಭೆ ನವೆಂಬರಿನ ಎರಡನೆಯ ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ.