ಮನೆಯ ಪರದೆಗೆ ಪೂರಕಗಳು: ಸೇರಿಸುವ ಬಗೆ, ವಹಿಸುವ ಎಚ್ಚರ

ವ್ಯಾಕರಣವನ್ನು ಓದಿದವರಿಗೆ ಪ್ರಕೃತಿ ಮತ್ತು ಪ್ರತ್ಯಯಗಳ ಸಂಬಂಧ ತಿಳಿದದ್ದೇ. ಪ್ರಕೃತಿಯು ತಾನೊಂದೇ ಇದ್ದಾಗ ಅದರ ಕಾರ್ಯ ಮಿತವಾದುದು. ಯೋಗ್ಯವಾದ ಪ್ರತ್ಯಯ ಹತ್ತಿದೊಡನೆ ಅದು ವಾಕ್ಯದಲ್ಲಿ ದುಡಿಯತೊಡಗುತ್ತದೆ. ಸಲ್ಲದ ಪ್ರತ್ಯಯ ಹತ್ತಿದರೆ ಪದವೂ ಕೆಡುತ್ತದೆ, ವಾಕ್ಯವೂ ಕೆಡುತ್ತದೆ. ಟಿ.ವಿ. ಪರದೆಗೆ ಜೋಡಿಸುವ 'ಮೀಡಿಯಾ ಸೆಂಟರ್' ಎಂಬ ವ್ಯವಸ್ಥೆಗೂ ಅದಕ್ಕೆ ಸೇರಿಸುವ 'ಆಡ್‌ಆನ್' ಎಂಬ ಪೂರಕಗಳಿಗೂ ಇರುವುದು ಇಂಥದೇ ಸಂಬಂಧ. ಅದನ್ನು ಕುರಿತು ಈ ತಿಂಗಳು ವಾಚಕರೊಡನೆ ಕೆಲವು ಮಾತುಗಳನ್ನಾಡುವುದು ಉಚಿತವೆನಿಸಿದೆ.

ಇಂಥ ವ್ಯವಸ್ಥೆಗಳಲ್ಲಿ ಬಹು ಪ್ರಸಿದ್ಧವಾದುದು 'ಕೋಡಿ'. ಕೆರೆ ತುಂಬಿ ಹೆಚ್ಚಿನ ನೀರು ಹೊರಹರಿಯುವ ಎಡೆಗೆ ನಾವು ಹೇಳುವ ಕೋಡಿಗೂ ಇದಕ್ಕೂ ನಂಟಿಲ್ಲ. ಉಚ್ಚಾರದ ಹೋಲಿಕೆ ಮಾತ್ರ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿ ತಂತ್ರಜ್ಞರು ರೂಪಿಸಿದ ತಂತ್ರಾಂಶವೇ ಇದರ ಮೂಲ. ಮುಂದೆ ಅದು ಎಕ್ಸ್‌ಬಿಎಂಸಿ ಎಂದು ಹೆಸರಾಗಿ, 2014ರಲ್ಲಿ ಕೋಡಿ ಎಂಬ ಈಗಿನ ಹೆಸರನ್ನು ಪಡೆಯಿತು. ಇದನ್ನು ಪಡೆಯಲು ಹಣ ಕೊಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿಯೂ, ಆಂಡ್ರಾಯ್ಡ್ ಟಿ.ವಿ.ಯಲ್ಲಿಯೂ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರದಲ್ಲಿಯೂ ಇದು ನಡೆಯುತ್ತದೆ. ಮನೆಯಲ್ಲಿ ಸಂಗ್ರಹವಾಗಿರುವ ಮದುವೆಯ ವಿಡಿಯೋ, ಹಾಡು, ಹಿರಿಯರ ಭಾವಚಿತ್ರ ಮುಂತಾದುವನ್ನು ಓರಣವಾಗಿ ಜೋಡಿಸಿ ತೋರಿಸುವುದು ಇದರ ಮುಖ್ಯ ಕಾರ್ಯ. ಕೋಡಿಯು ತಾನಾಗಿ ಯಾವ ಚಲನಚಿತ್ರವನ್ನೂ ಒದಗಿಸುವುದಿಲ್ಲ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತುಗಳಿಗೆಲ್ಲ ಇದೇ ಆಧಾರ.

ಪೂರಕವೆಂದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಆಜ್ಞೆಗಳ ಒಂದು ಚಿಕ್ಕ ಕಟ್ಟು. ಇದನ್ನು ಸ್ಕ್ರಿಪ್ಟ್ ಎಂದೂ ಕರೆಯುತ್ತಾರೆ. ಕಟ್ಟಿನೊಳಗೆ 'ಆಡ್‌ಆನ್ ಡಾಟ್ ಎಕ್ಸ್‌ಎಂಎಲ್' ಎಂಬ ಒಂದು ಕಡತವಿರುತ್ತದೆ. ಪೂರಕದ ಹೆಸರೇನು, ಅದರ ಆವೃತ್ತಿ ಯಾವುದು, ಅದು ನಡೆಯಲು ಬೇರೆ ಯಾವ ಪೂರಕಗಳ ನೆರವು ಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಕೋಡಿಯು ಮೊದಲು ಅದನ್ನು ಓದಿ, ಬೇಕಾದ ನೆರವಿನ ಪೂರಕಗಳನ್ನೂ ತಾನೇ ತರಿಸಿಕೊಳ್ಳುತ್ತದೆ.

ಸೇರಿಸುವ ಕ್ರಮ ಕಠಿಣವಲ್ಲ. ಸೆಟ್ಟಿಂಗ್ಸ್ ಎಂಬ ಹಲ್ಲುಚಕ್ರದ ಗುರುತನ್ನು ತೆರೆದು, ಆಡ್‌ಆನ್ಸ್ ವಿಭಾಗಕ್ಕೆ ಹೋಗಿ, 'ಇನ್‌ಸ್ಟಾಲ್ ಫ್ರಮ್ ರೆಪಾಸಿಟರಿ' ಎಂಬುದನ್ನು ಆರಿಸಬೇಕು. ರೆಪಾಸಿಟರಿಯೆಂದರೆ ಭಂಡಾರ. ಕೋಡಿಯ ಅಧಿಕೃತ ಭಂಡಾರ ಮೊದಲಿನಿಂದಲೇ ಅಲ್ಲಿರುತ್ತದೆ. ಅದರಲ್ಲಿ ವರ್ಗ ವರ್ಗವಾಗಿ ಜೋಡಿಸಿರುವ ಪೂರಕಗಳಲ್ಲಿ ಬೇಕಾದುದನ್ನು ಆರಿಸಿ ಇನ್‌ಸ್ಟಾಲ್ ಒತ್ತಿದರೆ ಸಾಕು. ಮುಗಿದ ಕೂಡಲೇ ಪರದೆಯ ಮೂಲೆಯಲ್ಲಿ ಸೂಚನೆ ಬರುತ್ತದೆ.

ಆದರೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿ ಪೂರಕವನ್ನೂ ಮನೆಯ ಅನುಕೂಲಕ್ಕೆ ತಕ್ಕಂತೆ ಹೊಂದಿಸಬೇಕು. ಅದರ ವಿವರದ ಪುಟದಲ್ಲಿರುವ 'ಕಾನ್ಫಿಗರ್' ಎಂಬುದನ್ನು ಒತ್ತಿದರೆ ಆಯ್ಕೆಗಳು ತೆರೆಯುತ್ತವೆ. ಉದಾಹರಣೆಗೆ 'ಕೀಮ್ಯಾಪ್ ಎಡಿಟರ್' ಎಂಬ ಪೂರಕದಿಂದ ರಿಮೋಟಿನ ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂಬುದನ್ನು ಗೊತ್ತುಪಡಿಸಬಹುದು. ಕಣ್ಣು ಮಂದವಾದ ಹಿರಿಯರಿಗೆ ಎರಡೇ ಗುಂಡಿಗಳಲ್ಲಿ ಕೆಲಸ ಸಾಗುವಂತೆ ಮಾಡಿಕೊಡಬಹುದು. ಧಾರಾವಾಹಿಯ ಒಂದು ಕಂತು ಮುಗಿಯುತ್ತಿರುವಂತೆ ಮುಂದಿನದನ್ನು ಮುಂದಿಡುವ 'ಅಪ್ ನೆಕ್ಸ್ಟ್' ಎಂಬ ಪೂರಕವೂ ಇದೆ. ಓದುವ ಮಕ್ಕಳಿರುವ ಮನೆಯಲ್ಲಿ ಇಂಥದು ಬೇಕೋ ಬೇಡವೋ ಎಂಬುದನ್ನು ತಂದೆತಾಯಿಗಳೇ ವಿಚಾರಿಸಬೇಕು. ಎಲ್ಲಕ್ಕಿಂತ ಉಪಯುಕ್ತವಾದುದು 'ಬ್ಯಾಕಪ್'. ಇಲ್ಲಿಯವರೆಗೆ ಮಾಡಿಕೊಂಡ ಹೊಂದಾಣಿಕೆಗಳನ್ನೆಲ್ಲ ಬೇರೊಂದು ಡಿಸ್ಕಿನಲ್ಲಿ ಪ್ರತಿ ಮಾಡಿಡುವುದು ಇದರ ಕೆಲಸ. ಆದಕಾರಣ ಹೊಸ ಪೂರಕವನ್ನು ಸೇರಿಸುವುದಕ್ಕೆ ಮುನ್ನ ಒಮ್ಮೆ ಇದನ್ನು ನಡೆಸುವುದು ಜಾಣತನ. ಆದರೆ ಪೂರಕಗಳಿಗೆ ಕೊಟ್ಟ ಗುಪ್ತಪದಗಳು ಸಾಮಾನ್ಯವಾಗಿ ಮರೆಮಾಚದ ಅಕ್ಷರಗಳಲ್ಲಿಯೇ ಉಳಿದಿರುತ್ತವೆ. ಅಂಥ ಪ್ರತಿಯನ್ನು ಪರರ ಕೈಗೆ ಕೊಡಬಾರದು. ಬ್ಯಾಂಕಿಗೆ ಬಳಸುವ ಗುಪ್ತಪದವನ್ನು ಇಲ್ಲಿ ಬಳಸಲೂಬಾರದು.

ಇನ್ನು ಗಂಭೀರವಾದ ವಿಷಯ. ಅಧಿಕೃತ ಭಂಡಾರದಲ್ಲಿಲ್ಲದ ಪೂರಕಗಳನ್ನು ಜಿಪ್ ಎಂಬ ಕಟ್ಟಿನ ರೂಪದಲ್ಲಿ ಹೊರಗಿನಿಂದ ತಂದು ಸೇರಿಸುವ ಮಾರ್ಗವೊಂದುಂಟು. 2017ರಲ್ಲಿ ಬಂದ ಕೋಡಿಯ 17ನೆಯ ಆವೃತ್ತಿಯಿಂದ ಈ ಬಾಗಿಲನ್ನು ಮೊದಲೇ ಮುಚ್ಚಿಟ್ಟಿದ್ದಾರೆ. 'ಅನ್‌ನೋನ್ ಸೋರ್ಸಸ್', ಅಂದರೆ ಅಪರಿಚಿತ ಮೂಲಗಳು, ಎಂಬ ಆಯ್ಕೆಯನ್ನು ನಾವೇ ತೆರೆದ ಹೊರತು ಅದು ತೆರೆಯದು. ತೆರೆಯುವಾಗ ಎಚ್ಚರಿಕೆಯ ಮಾತೂ ಕಾಣುತ್ತದೆ. ಬಹುಮಂದಿ ಅದನ್ನು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತಿಬಿಡುತ್ತಾರೆ. ಕೋಡಿಗೆ ಯಂತ್ರದಲ್ಲಿ ಎಷ್ಟು ಅಧಿಕಾರವಿದೆಯೋ ಅದರೊಳಗಿನ ಪೂರಕಕ್ಕೂ ಅಷ್ಟೇ ಅಧಿಕಾರವಿರುತ್ತದೆ. ನಡುವೆ ಗೋಡೆಯಿಲ್ಲ. ಒಳಗೆ ಕರೆದ ಅತಿಥಿಗೆ ಕಡತಗಳ ಕೋಣೆಯೂ ತೆರೆದಿದೆಯೆಂದೇ ತಿಳಿಯಬೇಕು.

ಇದು ಊಹೆಯ ಭಯವಲ್ಲ. 2018ರ ಸೆಪ್ಟೆಂಬರಿನಲ್ಲಿ ಈಸೆಟ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಒಂದು ಶೋಧನೆಯನ್ನು ಪ್ರಕಟಿಸಿತು. ಕೋಡಿಗೆ ಸಂಬಂಧವಿಲ್ಲದ ಹೊರಗಿನ ಮೂರು ಭಂಡಾರಗಳಿಂದ ಬಂದ ಪೂರಕಗಳಲ್ಲಿ ಗುಪ್ತವಾದ ಆಜ್ಞೆಗಳು ಅಡಗಿದ್ದವು. ಅವು ಮನೆಯವರ ಅರಿವಿಗೆ ಬಾರದಂತೆ ಅವರ ಕಂಪ್ಯೂಟರನ್ನೇ ದುಡಿಸಿ, ಮೊನೆರೊ ಎಂಬ ಡಿಜಿಟಲ್ ನಾಣ್ಯವನ್ನು ಅನ್ಯರಿಗಾಗಿ ಗಳಿಸುತ್ತಿದ್ದವು. ವಿದ್ಯುತ್ತಿನ ವೆಚ್ಚ ಮನೆಯವರದು, ಲಾಭ ಕಳ್ಳರದು! ಯಂತ್ರ ಕಾರಣವಿಲ್ಲದೆ ಬಿಸಿಯಾಗಿ ನಿಧಾನವಾದರೆ ಸಂಶಯಪಡಬೇಕೆಂಬುದಕ್ಕೆ ಇದೇ ನಿದರ್ಶನ.

ಧರ್ಮಾಧರ್ಮದ ಪ್ರಶ್ನೆಯೂ ಇಲ್ಲಿದೆ. 'ಎಲ್ಲ ಚಿತ್ರಗಳೂ ಪುಕ್ಕಟೆ' ಎಂದು ಹೇಳಿ, ಪೂರಕಗಳನ್ನು ಮೊದಲೇ ತುಂಬಿದ ಪೆಟ್ಟಿಗೆಗಳನ್ನು ಮಾರುವವರುಂಟು. ಇಂಥ ಮಾರಾಟವನ್ನು ಕುರಿತು ನೆದರ್ಲೆಂಡ್ಸಿನಿಂದ ಹೋದ ಮೊಕದ್ದಮೆಯಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರ ಏಪ್ರಿಲ್ 26ರಂದು ತೀರ್ಪಿತ್ತಿತು. ಅನುಮತಿಯಿಲ್ಲದ ಕೃತಿಗಳತ್ತ ಒಯ್ಯುವ ಪೂರಕಗಳನ್ನು ತುಂಬಿ ಪೆಟ್ಟಿಗೆ ಮಾರುವುದು ಆ ಕೃತಿಗಳನ್ನು ಸಾರ್ವಜನಿಕರಿಗೆ ತಲುಪಿಸಿದಂತೆಯೇ ಸರಿ ಎಂಬುದು ಅದರ ಸಾರ. ನಮ್ಮಲ್ಲಿಯೂ ಕೃತಿಸ್ವಾಮ್ಯಕ್ಕೆ 1957ರ ಅಧಿನಿಯಮವಿದೆ. ಕಾನೂನು ಹಾಗಿರಲಿ, ಚಿತ್ರವೊಂದರ ಹಿಂದೆ ನೂರಾರು ಜನರ ಬೆವರಿದೆ. ದುಡಿದವನಿಗೆ ಕೂಲಿ ಕೊಡದೆ ಪಡೆದ ಮನರಂಜನೆಯನ್ನು ಮಕ್ಕಳೊಡನೆ ಕುಳಿತು ನೋಡುವಾಗ, ಅವರಿಗೆ ನಾವು ಕಲಿಸುತ್ತಿರುವುದೇನು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಕೆಲವೊಮ್ಮೆ ನಿರ್ದೋಷಿಯಾದ ಪೂರಕವೂ ನಡೆಯದೆ ನಿಲ್ಲುತ್ತದೆ. 2021ರಲ್ಲಿ ಬಂದ 19ನೆಯ ಆವೃತ್ತಿಯಲ್ಲಿ ಕೋಡಿಯು ಪೈಥಾನಿನ ಎರಡನೆಯ ರೂಪವನ್ನು ಬಿಟ್ಟು ಮೂರನೆಯದಕ್ಕೆ ಬದಲಾಯಿತು. ಹಳೆಯ ರೂಪದಲ್ಲಿಯೇ ಉಳಿದ ಸ್ಕ್ರಿಪ್ಟುಗಳು ಅಂದಿನಿಂದ ಕೆಲಸ ಮಾಡವು. ಕಾರಣ ತಿಳಿಯಬೇಕಾದರೆ 'ಕೋಡಿ ಡಾಟ್ ಲಾಗ್' ಎಂಬ ದಿನಚರಿಯ ಕಡತವನ್ನು ಓದಬೇಕು. ಎಲ್ಲಿ ಎಡವಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ.

ಕೊನೆಗೆ ಮನೆಯ ಯಜಮಾನರಿಗೂ ಗೃಹಿಣಿಯರಿಗೂ ಕೆಲವು ಸೂಚನೆಗಳು. ಅಪರಿಚಿತ ಮೂಲಗಳ ಬಾಗಿಲು ಮುಚ್ಚಿರಲಿ. 'ಮಾಸ್ಟರ್ ಲಾಕ್' ಎಂಬ ಸೌಲಭ್ಯದಿಂದ ಪೂರಕಗಳ ವಿಭಾಗಕ್ಕೆ ಬೀಗ ಹಾಕಿ, ಅದರ ಸಂಖ್ಯೆಯನ್ನು ಹಿರಿಯರೇ ಇಟ್ಟುಕೊಳ್ಳಲಿ. ಅಧಿಕೃತ ಪೂರಕಗಳ ಪರಿಷ್ಕರಣೆಯು ಅಧಿಕೃತ ಭಂಡಾರದಿಂದ ಮಾತ್ರ ಬರುವಂತಿರಲಿ. ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ನೋಡಿ, ಬಳಸದಿರುವುದನ್ನು ತೆಗೆದುಹಾಕಿರಿ. ಪೆಟ್ಟಿಗೆಯನ್ನು ಕೊಳ್ಳುವಾಗ ಅದರಲ್ಲಿ ಮೊದಲೇ ಏನು ತುಂಬಿದೆಯೆಂದು ಕೇಳಿರಿ. ಮಾರುವವನು ಉತ್ತರ ಹೇಳಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿರಿ. ಮನೆಯ ಕಿರಿಯರು ಈ ವಿದ್ಯೆಯಲ್ಲಿ ನಮಗಿಂತ ಮುಂದಿರುವುದು ಸಹಜ. ಕೈಚಳಕ ಅವರದಾಗಲಿ, ಏನನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬ ವಿವೇಕವನ್ನು ಅವರಿಗೆ ಕಲಿಸುವುದು ಹಿರಿಯರಾದ ನಮ್ಮ ಹೊಣೆ.